ಪಾನದಾನಿಯೊಳಗೆ ಒಂದು ಯೆನ್, ಒಂದು ಪೌಂಡ್

ಬೀದರಿನ ಚೌಬಾರಾದಿಂದ ಗವಾನ್ ಮದರಸಾದ ಕಡೆಗೆ ಹೋಗುವ ರಸ್ತೆಯ ಒಂದು ಗಲ್ಲಿಯಲ್ಲಿ ನನ್ನ ಅಂಗಡಿಯಿದೆ. ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಒಂದು ಝೆರಾಕ್ಸ್ ಯಂತ್ರ, ಕೆಲಸ ಕಲಿಯುತ್ತಿರುವ ಒಬ್ಬ ಹುಡುಗ. ಮದುವೆ ಕಾರ್ಡು, ಅರ್ಜಿ, ಬಾಡಿಗೆ ಕರಾರು, ಲೆಟರ್‌ಹೆಡ್ಡು ಇವೇ ನಮ್ಮ ಅನ್ನ. ಇವುಗಳಲ್ಲಿ ಯಾವುದಕ್ಕೂ ರೂಪಾಯಿ ಬಿಟ್ಟು ಬೇರೆ ದೇಶದ ರೊಕ್ಕದ ಗೊಡವೆ ಇಲ್ಲ. ಹಾಗಾಗಿ ಹದಿನಾಲ್ಕು ವರ್ಷ ಈ ಕೆಲಸ ಮಾಡಿದರೂ ಕಳೆದ ವಾರದವರೆಗೆ ನಾನು ಒಂದು ಪೌಂಡ್ ಚಿಹ್ನೆಯ ಹಿಂದೆ ಒಂದು ವಾರ ಕಳೆದವಳಲ್ಲ. ಕೆಲಸದ ಡೈರಿಯಲ್ಲಿ ಗೀಚಿಟ್ಟದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲುಗಳನ್ನು ಇನ್ನೂ ಕಪಾಟಿನಲ್ಲಿಟ್ಟುಕೊಂಡಿರುವ ಯಾರಿಗಾದರೂ ಬೇಕಾದೀತು.

ಸೋಮವಾರ, ಮಧ್ಯಾಹ್ನ

ನಮ್ಮ ಗಲ್ಲಿಯ ಬಿದ್ರಿ ಕಾರ್ಖಾನೆಯ ಚಾಚಾ ಒಂದು ಕೈಯಲ್ಲಿ ಮೂರು ಹಾಳೆಯ ಪ್ರಿಂಟು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಬೆರಳ ತುದಿಗಳು ಎಂದಿನಂತೆ ಕಪ್ಪು. ಶನಿವಾರ ನಾನು ಊರಲ್ಲಿಲ್ಲದಾಗ ಹುಡುಗ ಮಾಡಿಕೊಟ್ಟಿದ್ದ ದರಪಟ್ಟಿ ಅದು. ಹೂದಾನಿ, ಸುರಾಹಿ, ಪಾನದಾನಿ, ಹುಕ್ಕಾದ ಬುಡ, ಗುಂಡಿ, ಕಿವಿಯೋಲೆ. ಪ್ರತಿಯೊಂದರ ಹೆಸರು ಕನ್ನಡದಲ್ಲಿ ಒಂದು ಸಾಲು, ಇಂಗ್ಲಿಷಿನಲ್ಲಿ ಒಂದು ಸಾಲು. ಎದುರಿಗೆ ರೂಪಾಯಿ, ಡಾಲರ್, ಯೂರೊ, ಪೌಂಡ್, ಯೆನ್, ದಿರ್ಹಾಮ್, ರಿಯಾಲ್ ದರಗಳು. ಒಂದೇ ಪಟ್ಟಿ ಬೆಂಗಳೂರಿನ ಅಂಗಡಿಗೂ ಹೋಗಬೇಕು, ಲಂಡನ್ನಿನ ಗ್ರಾಹಕರಿಗೂ ಹೋಗಬೇಕು ಎಂಬುದು ಚಾಚಾರ ಹಟ.

"ಬೇಟಿ, ಇದು ಯಾವ ದೇಶದ ರೊಕ್ಕ?" ಎಂದು ಪ್ರಿಂಟಿನ ಮೇಲೆ ಬೆರಳಿಟ್ಟರು.

ಪೌಂಡಿನ ಕಾಲಮಿನಲ್ಲಿ £ ಇರಬೇಕಾದ ಕಡೆಯಲ್ಲೆಲ್ಲ ತಲಕಟ್ಟಿಲ್ಲದ ಬೋಳು 'ನ' ನಿಂತಿತ್ತು. ಪಕ್ಕದ ಯೆನ್ನಿನ ಕಾಲಮಿನಲ್ಲಿ ತಲಕಟ್ಟಿಲ್ಲದ 'ಪ'. ಬೋಳು ನ 48, ಬೋಳು ನ 110, ಬೋಳು ಪ 9,000. ಮೂರು ಹಾಳೆಯುದ್ದಕ್ಕೂ ಹೀಗೆಯೇ.

ಆಮೇಲೆ ಮೊಬೈಲು ತೋರಿಸಿದರು. ಶಾರ್ಜಾದಲ್ಲಿರುವ ಅವರ ತಂಗಿಯ ಮಗನಿಗೆ ಇದೇ ಫೈಲನ್ನು ಕಳಿಸಿದ್ದರಂತೆ. ಅವನು ತನ್ನ ಫೋನಿನಲ್ಲಿ ಕಂಡದ್ದನ್ನು ಚಿತ್ರ ತೆಗೆದು ವಾಪಸು ಕಳಿಸಿದ್ದ. ಅಲ್ಲಿ ಪೌಂಡು, ಯೆನ್ನು ಸರಿಯಾಗಿದ್ದವು. ಬೇಕಾದದ್ದಕ್ಕಿಂತ ಹೆಚ್ಚೇ ಇದ್ದವು. ಕನ್ನಡವೆಲ್ಲ ಮಾಯವಾಗಿ, ನೆತ್ತಿಯ ಮೇಲೆ ಗೀಟು ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ನಡುನಡುವೆ ರೊಕ್ಕದ ಚಿಹ್ನೆಗಳು ಉದುರಿದ್ದವು. ಮೇಲಿನ 'ದಿನಾಂಕ' ಶುರುವಾಗುವುದೇ ¢ ಮತ್ತು £ ಇಂದ. ಪಾನದಾನಿಯೊಳಗೆ ಒಂದು ¥, ಒಂದು £, ಕೊನೆಗೆ ನಾಲ್ಕು ಮೂಲೆಗೆ ಕಾಲು ಚಾಚಿದ ಸೊನ್ನೆಯಂಥ ¤. ಹೂದಾನಿಯ ಕೊನೆಗೂ ಅದೇ ¤. ಕೆಳಗೆ ಅಳಿಯನ ಪ್ರಶ್ನೆ: "ಮಾಮೂ, ಇಷ್ಟೊಂದು ಪೌಂಡು ಯಾರು ಕೊಡುತ್ತಾರೆ?"

ಇಲ್ಲಿ ಕನ್ನಡ ಸರಿ, ಪೌಂಡು ತಪ್ಪು. ಅಲ್ಲಿ ಪೌಂಡು ಸರಿ, ಕನ್ನಡ ತಪ್ಪು. ಹುಡುಗ ಮೂಲೆಯಲ್ಲಿ ಝೆರಾಕ್ಸ್ ಯಂತ್ರದ ಹಿಂದೆ ಸರಿದು ನಿಂತಿದ್ದ. ಬೈಯುವ ಮೊದಲು ಫೈಲು ತೆರೆದೆ.

ಸೋಮವಾರ, ಸಂಜೆ

ವರ್ಡ್‌ನಲ್ಲಿ ಒಂದು ಅಕ್ಷರದ ಜಾತಕ ನೋಡಬೇಕೆಂದರೆ ಒಂದು ಸುಲಭದ ಉಪಾಯವಿದೆ. ಅಕ್ಷರದ ಬಲಕ್ಕೆ ಕರ್ಸರ್ ಇಟ್ಟು, ಆಲ್ಟ್ ಹಿಡಿದು ಎಕ್ಸ್ ಒತ್ತಬೇಕು. ಅಕ್ಷರ ಹೋಗಿ ಅದರ ಯುನಿಕೋಡ್ ಸಂಖ್ಯೆ, ಅಂದರೆ ಎಲ್ಲ ಲಿಪಿಗಳಿಗೂ ಸೇರಿದ ಒಂದೇ ಪಟ್ಟಿಯಲ್ಲಿ ಅದಕ್ಕೆ ಕೊಟ್ಟ ಸಂಖ್ಯೆ, ಬರುತ್ತದೆ. ಮತ್ತೊಮ್ಮೆ ಒತ್ತಿದರೆ ಸಂಖ್ಯೆ ಹೋಗಿ ಅಕ್ಷರ ಬರುತ್ತದೆ. ಬೋಳು 'ನ' ದ ಪಕ್ಕದಲ್ಲಿ ಒತ್ತಿದೆ. ಪರದೆಯ ಮೇಲೆ ಮೂರು ಸೊನ್ನೆ, ಒಂದು ಮೂರು ಕಂಡವು.

ಅಂಥ ಸಂಖ್ಯೆಯ ಅಕ್ಷರವೇ ಕಾಗದದ ಮೇಲೆ ಬರುವುದಿಲ್ಲ. ಐದು ನಿಮಿಷ ತಲೆ ಕೆರೆದುಕೊಂಡೆ. ಪರದೆಯನ್ನು ದೊಡ್ಡದು ಮಾಡಿ ನೋಡಿದ ಮೇಲೆ ತಿಳಿಯಿತು: ಮೂರನೆಯ ಸೊನ್ನೆ ಉಳಿದೆರಡಕ್ಕಿಂತ ಸಣ್ಣದು. ಅದು ಅಂಕಿಯ ಸೊನ್ನೆಯಲ್ಲ, ಅನುಸ್ವಾರ. ನುಡಿಯ ಹಳೆಯ ಫಾಂಟಿನಲ್ಲಿ ಇಂಗ್ಲಿಷಿನ ದೊಡ್ಡ 'ಎ' ಕುಳಿತುಕೊಳ್ಳುವ ಜಾಗದಲ್ಲಿ ನಮ್ಮ ಅನುಸ್ವಾರ ಕುಳಿತಿದೆ. ಆ ನಾಲ್ಕು ಗುರುತುಗಳನ್ನು ಆರಿಸಿ ರೋಮನ್ ಫಾಂಟಿಗೆ ಬದಲಿಸಿದಾಗ 00ಎ3 ಎಂದು ಓದಿಕೊಂಡಿತು. ಅದು ಪೌಂಡಿನದೇ ಸಂಖ್ಯೆ. ಹುಡುಗ ಪೌಂಡನ್ನೇ ಹಾಕಿದ್ದ, ಪಾಪ. ಅಂಗಿ ಮಾತ್ರ ಬೇರೆಯದು.

ಇದರ ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ನುಡಿಯ ಮೊದಲ ಫಾಂಟುಗಳು ಬಂದ ಕಾಲದಲ್ಲಿ ಒಂದು ಫಾಂಟಿಗೆ ಸಿಗುತ್ತಿದ್ದದ್ದು ಇನ್ನೂರ ಐವತ್ತಾರು ಕುರ್ಚಿಗಳು. ಕನ್ನಡವನ್ನು ತುಂಡು ಮಾಡಿ, ಅಕ್ಷರದ ಮೈ ಒಂದು ಕಡೆ, ತಲಕಟ್ಟು ಒಂದು ಕಡೆ, ಒತ್ತುಗಳು ಒಂದು ಕಡೆ ಎಂದು ಆ ಕುರ್ಚಿಗಳಲ್ಲಿ ಕೂರಿಸಿದರು. ಕುರ್ಚಿಗಳ ಮೇಲೆ ಮೊದಲೇ ಯುರೋಪಿನ ಅಕ್ಷರಗಳ ಹೆಸರು ಬರೆದಿತ್ತು, ಅದನ್ನು ಅಳಿಸುವಂತಿರಲಿಲ್ಲ. 162ನೆಯ ಕುರ್ಚಿ ಸೆಂಟಿನದು, ಅಲ್ಲಿ ನಮ್ಮ 'ದಿ'. 163 ಪೌಂಡಿನದು (00ಎ3 ಎಂಬುದು ಇದೇ 163, ಹದಿನಾರರ ಲೆಕ್ಕದಲ್ಲಿ ಬರೆದದ್ದು), ಅಲ್ಲಿ 'ನ' ದ ಮೈ. 164 ಯಾವ ದೇಶದ್ದೂ ಅಲ್ಲದ ಸಾಮಾನ್ಯ ರೊಕ್ಕದ ಗುರುತು ¤, ಅಲ್ಲಿ 'ನಿ'. 165 ಯೆನ್ನಿನದು, ಅಲ್ಲಿ 'ಪ' ದ ಮೈ. ವರ್ಣಮಾಲೆಯ ದ, ನ, ಪ ಸಾಲಾಗಿ ಬಂದು ಸೆಂಟು, ಪೌಂಡು, ಯೆನ್ನುಗಳ ಮಡಿಲಲ್ಲಿ ಕುಳಿತಿವೆ. ನುಡಿ ಫಾಂಟು ಇರುವ ಕಂಪ್ಯೂಟರಿನಲ್ಲಿ 'ನ' ಕಾಣುತ್ತದೆ, ಇಲ್ಲದ ಫೋನಿನಲ್ಲಿ £ ಕಾಣುತ್ತದೆ. ಯಂತ್ರಕ್ಕೆ ಎರಡೂ ಒಂದೇ.

ನುಡಿಯನ್ನು ನಾನು ದೂರುವುದಿಲ್ಲ. ನನ್ನ ಮೊದಲ ಹತ್ತು ವರ್ಷದ ಊಟ ಅದರದ್ದು. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ, ದಾರಿ ಬಂದ ಮೇಲೂ ನಾವು ಹಳೆಯ ಫೈಲನ್ನೇ ತೆರೆದು ಹೆಸರು ಬದಲಿಸುತ್ತಾ ಹೋದೆವು. ಚಾಚಾರ ಈ ಪಟ್ಟಿಯ ತಳಪಾಯವೂ ಅಂಥದ್ದೇ ಒಂದು ಹಳೆಯ ಫೈಲು.

ತಾತ್ಕಾಲಿಕ ಪರಿಹಾರ ಎರಡು ನಿಮಿಷದ್ದು: ಬೋಳು 'ನ' ವನ್ನು ಮಾತ್ರ ಆರಿಸಿ ಫಾಂಟನ್ನು ರೋಮನ್ ಮಾಡಿದರೆ ಪೌಂಡು ಎದ್ದು ನಿಲ್ಲುತ್ತದೆ. ಮಾಡಿ ತೋರಿಸಿದೆ. ಚಾಚಾ ತಲೆದೂಗಿದರು. "ಕಾಗದ ಸರಿಯಾಯಿತು. ಫೋನಿಗೇನು ಮಾಡುತ್ತೀ?"

ಮಂಗಳವಾರ

ಇಡೀ ಫೈಲನ್ನು ಯುನಿಕೋಡಿಗೆ ಬದಲಿಸುವುದೇ ಸರಿ ಎಂದುಕೊಂಡೆ. ನುಡಿಯ ಹೊಸ ಆವೃತ್ತಿಯ ಜೊತೆಗೇ ಪರಿವರ್ತಕ ಬರುತ್ತದೆ. ಮೂಲ ಫೈಲಿನ ನಕಲು ಮಾಡಿಟ್ಟುಕೊಂಡು, ಎಲ್ಲವನ್ನೂ ಆರಿಸಿ, ಒಂದೇ ಏಟಿಗೆ ಪರಿವರ್ತಿಸಿದೆ. ಇದು ನನ್ನ ತಪ್ಪು, ಹುಡುಗನದಲ್ಲ.

ಪರಿವರ್ತಕಕ್ಕೆ ಫಾಂಟು ಕಾಣಿಸಲಿಲ್ಲ, ಸಂಖ್ಯೆ ಮಾತ್ರ ಕಂಡಿತು. ನಿನ್ನೆ ಸರಿಪಡಿಸಿದ್ದ ಅಸಲಿ ಪೌಂಡುಗಳೂ 163, 'ನ' ಗಳೂ 163. ಎಲ್ಲವನ್ನೂ ಶ್ರದ್ಧೆಯಿಂದ 'ನ' ಮಾಡಿತು. ಇಂಗ್ಲಿಷ್ ಹೆಸರುಗಳನ್ನೂ ಕನ್ನಡದ ಪುಡಿ ಅಕ್ಷರಗಳಾಗಿ ಅರೆದು ಹಾಕಿತು. ಫೈಲನ್ನು ಮುಚ್ಚಿ ಚಹಾ ತರಿಸಿದೆ.

ಎರಡನೆಯ ಸಲ ಕನ್ನಡದ ಕಾಲಮನ್ನು ಮಾತ್ರ ಪರಿವರ್ತಿಸಿದೆ. ದರದ ಕಾಲಮುಗಳಲ್ಲಿ ಇದ್ದ ಚಿಹ್ನೆಗಳನ್ನೆಲ್ಲ ಅಳಿಸಿ ಬರೀ ಅಂಕಿ ಉಳಿಸಿಕೊಂಡೆ. ಮೊದಲು ಕನ್ನಡ, ಆಮೇಲೆ ಚಿಹ್ನೆ. ಈ ಸರದಿ ತಪ್ಪಿಸಬಾರದು.

ಕಾಲಮು ಚೆನ್ನಾಗಿಯೇ ಬಂತು, ಅರ್ಕಾವತ್ತು ಒಂದನ್ನು ಬಿಟ್ಟು. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಒತ್ತುತ್ತಿದ್ದೆವು. ಯುನಿಕೋಡಿನಲ್ಲಿ ಅದೇ ರಕಾರ ಅಕ್ಷರದ ಮೊದಲು ಬರಬೇಕು. 'ಪೂರ್ಣ ಬೆಳ್ಳಿ ಕೆತ್ತನೆ' ಎಂಬುದು ಎರಡು ಕಡೆ 'ಪೂಣರ್ ಬೆಳ್ಳಿ ಕೆತ್ತನೆ' ಆಗಿತ್ತು. ಕಣ್ಣಿಟ್ಟು ಓದುವುದರ ಹೊರತು ಇದಕ್ಕೆ ಔಷಧವಿಲ್ಲ.

ಕೊನೆಗೆ ಇನ್ನೊಂದು ಶೋಧ. ವರ್ಡ್‌ನ ಹುಡುಕುವ ಪೆಟ್ಟಿಗೆಯಲ್ಲಿ ಅಕ್ಷರದ ಬದಲು ಫಾಂಟನ್ನೇ ಹುಡುಕಬಹುದು. ನುಡಿ ಫಾಂಟು ಎಲ್ಲೆಲ್ಲಿ ಉಳಿದಿದೆ ಎಂದು ಹುಡುಕಿದರೆ ಪಟ್ಟಿಯ ತುಂಬ ಹಳದಿ ಪಟ್ಟೆಗಳು ಎದ್ದವು. ಕಣ್ಣಿಗೆ ಏನೂ ಇಲ್ಲದ ಖಾಲಿ ಜಾಗಗಳು, ಅಂಕಿಯ ಹಿಂದಿನ ಒಂದೊಂದು ಸ್ಪೇಸು, ಖಾಲಿ ಕೋಣೆಗಳು, ಎಲ್ಲದರಲ್ಲೂ ನುಡಿ ಮಲಗಿತ್ತು. ಅಲ್ಲಿಗೆ ಕರ್ಸರ್ ಇಟ್ಟು ಪೌಂಡು ಒತ್ತಿದ್ದರೆ ಮತ್ತೆ ಬೋಳು 'ನ' ವೇ ಹುಟ್ಟುತ್ತಿತ್ತು. ಹುಡುಗನಿಗೆ ಶನಿವಾರ ಆಗಿದ್ದು ಇದೇ. ಎಲ್ಲವನ್ನೂ ಒಟ್ಟಿಗೆ ಬದಲಿಸಿದೆವು.

ಬುಧವಾರ

ಇವತ್ತು ಚಿಹ್ನೆಗಳ ದಿನ. ಡಾಲರ್ ಕೀಲಿಮಣೆಯಲ್ಲೇ ಇದೆ, ನಾಲ್ಕರ ನೆತ್ತಿಯ ಮೇಲೆ. ಉಳಿದವುಗಳಿಗೆ ಹಲವು ದಾರಿ.

ನಿಧಾನದ ದಾರಿ ಇನ್ಸರ್ಟ್ ಮೆನುವಿನ ಸಿಂಬಲ್. ಹೆಚ್ಚಿನ ಚಿಹ್ನೆಗಳ ಪೆಟ್ಟಿಗೆ ತೆರೆದು, ಬಲಗಡೆಯ ಉಪವಿಭಾಗದಲ್ಲಿ ಕರೆನ್ಸಿ ಚಿಹ್ನೆಗಳನ್ನು ಆರಿಸಿದರೆ ಒಂದು ಸಂತೆಯೇ ಎದುರಾಗುತ್ತದೆ. ವರ್ಷಕ್ಕೊಮ್ಮೆ ಬೇಕಾಗುವ ಚಿಹ್ನೆಗೆ ಇದು ಸರಿ. ಪೆಟ್ಟಿಗೆಯ ಎಡಗಡೆ ಫಾಂಟಿನ ಹೆಸರು ಏನಿದೆ ಎಂದು ನೋಡಿಕೊಳ್ಳಬೇಕು. ಹುಡುಗನಿಗೆ ತೋರಿಸಲೆಂದೇ ಅಲ್ಲಿ ನುಡಿಯನ್ನು ಆರಿಸಿದೆ. ಮನೆಗಳ ಸಾಲಿನಲ್ಲಿ ಒಂಟಿ ತಲಕಟ್ಟು, ಒಂಟಿ ಕೊಂಬು, ಒಂಟಿ ಒತ್ತು, ಮೈಯಿಲ್ಲದ ದೀರ್ಘ. ಚಾಚಾರ ಕಾರ್ಖಾನೆಯಲ್ಲಿ ಅಚ್ಚಿನಿಂದ ತೆಗೆದ ಸುರಾಹಿಯ ಕತ್ತು ಒಂದು ಮೂಲೆಯಲ್ಲಿ, ಹೊಟ್ಟೆ ಒಂದು ಮೂಲೆಯಲ್ಲಿ ಬಿದ್ದಿರುವುದನ್ನು ಕಂಡವರಿಗೆ ಈ ನೋಟ ಹೊಸದಲ್ಲ. "ಅಕ್ಕಾ, ನಾವು ಟೈಪು ಮಾಡುತ್ತಿದ್ದದ್ದು ಇದನ್ನೇ?" ಎಂದು ಕೇಳಿದ. ಇದನ್ನೇ.

ವೇಗದ ದಾರಿ ಆಲ್ಟ್ ಹಿಡಿದು ಬಲಗಡೆಯ ಅಂಕಿಗಳ ಮಣೆಯಿಂದ ಸಂಖ್ಯೆ ಒತ್ತುವುದು. ನಮ್‌ಲಾಕ್ ಹೊತ್ತಿರಬೇಕು. ಮೇಲಿನ ಸಾಲಿನ ಅಂಕಿಗಳಿಂದ ಇದು ಆಗುವುದಿಲ್ಲ, ಆದ್ದರಿಂದ ಅಂಕಿಮಣೆ ಇಲ್ಲದ ಲ್ಯಾಪ್‌ಟಾಪಿನವರು ಇದರ ಆಸೆ ಬಿಡುವುದು ಒಳ್ಳೆಯದು. ಯೂರೊ ಬೇಕಾದರೆ 0128. ಹುಡುಗ ಮುಂದಿನ ಸೊನ್ನೆಗೆ ಬೆಲೆಯಿಲ್ಲ ಎಂದು ಬಿಟ್ಟು 128 ಒತ್ತಿದ. ಬುಡಕ್ಕೆ ಕೊಂಡಿ ಸಿಕ್ಕಿಸಿದ ಇಂಗ್ಲಿಷಿನ 'ಸಿ' ಬಂತು. ಗಣಿತದಲ್ಲಿ ಮುಂದಿನ ಸೊನ್ನೆಗೆ ಬೆಲೆಯಿಲ್ಲ, ಇಲ್ಲಿ ಇದೆ. ಸೊನ್ನೆ ಇಲ್ಲದಿದ್ದರೆ ಯಂತ್ರ ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ ಕೋಷ್ಟಕವನ್ನು ನೋಡುತ್ತದೆ, ಸೊನ್ನೆ ಇದ್ದರೆ ವಿಂಡೋಸ್‌ನದನ್ನು. ಪೌಂಡು ಎರಡೂ ಕೋಷ್ಟಕಗಳಲ್ಲಿ ಇದೆ, ಆದರೆ ಬೇರೆ ಬೇರೆ ಮನೆಯಲ್ಲಿ: ಹಳೆಯದರಲ್ಲಿ 156, ಹೊಸದರಲ್ಲಿ 0163. ಯೆನ್ 157, ಇಲ್ಲವೇ 0165. ಯೂರೊ ಹುಟ್ಟಿದ್ದೇ ತಡವಾಗಿ, ಅದಕ್ಕಾಗಿ ವಿಂಡೋಸ್ ಕೋಷ್ಟಕದಲ್ಲಿ ಖಾಲಿಯಿದ್ದ ಮನೆಯೊಂದನ್ನು ಹುಡುಕಿ ಕೊಟ್ಟರು. ಆ ಖಾಲಿ ಮನೆಯೇ 128.

ನನಗೆ ಒಗ್ಗಿದ್ದು ಮೂರನೆಯ ದಾರಿ, ಸೋಮವಾರದ ಆಲ್ಟ್-ಎಕ್ಸ್ ಉಪಾಯವನ್ನೇ ತಿರುಗಿಸಿ ಬಳಸುವುದು. 20ಎಸಿ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿ ಆಲ್ಟ್-ಎಕ್ಸ್ ಒತ್ತಿದರೆ €. ಲಿಬ್ರೆ ಆಫೀಸಿನಲ್ಲೂ ಇದು ನಡೆಯುತ್ತದೆ. ಒಂದು ಕಡೆ ಮಾತ್ರ ಎಡವಿದೆ. ಚಿಹ್ನೆಯನ್ನು ಅಂಕಿಯ ಹಿಂದೆ ಹಾಕುವಾಗ, 45ರ ಬೆನ್ನಿಗೇ 20ಎಸಿ ಅಂಟಿಸಿದರೆ ಯಂತ್ರ 45ನ್ನೂ ಸಂಕೇತದ ಪಾಲೆಂದು ನುಂಗುತ್ತದೆ. 20ಎಸಿಯನ್ನು ಮಾತ್ರ ಆರಿಸಿಕೊಂಡು ಒತ್ತಿದರೆ ತಕರಾರಿಲ್ಲ.

ರೂಪಾಯಿಯದು ಬೇರೆಯೇ ಕಥೆ. 2010ರ ಜುಲೈ 15ರಂದು ಕೇಂದ್ರ ಸಂಪುಟ ₹ ಅನ್ನು ಒಪ್ಪಿತು, ವಿನ್ಯಾಸ ಡಿ. ಉದಯಕುಮಾರ್ ಅವರದು. ಕಂಪ್ಯೂಟರುಗಳಿಗೆ ಆ ಚಿಹ್ನೆ ಮುಟ್ಟುವ ಮೊದಲೇ ಮಂಗಳೂರಿನ ಒಂದು ಕಂಪನಿ ಪುಕ್ಕಟೆ ಫಾಂಟು ಮಾಡಿ ಹಂಚಿತ್ತು. ಟ್ಯಾಬ್ ಕೀಲಿಯ ಮೇಲಿರುವ, ಯಾರೂ ಮುಟ್ಟದ ಓರೆ ಚುಕ್ಕೆಯ ಜಾಗದಲ್ಲಿ ರೂಪಾಯಿಯನ್ನು ಕೂರಿಸಿದ್ದರು. ಆಗ ನಾವೆಲ್ಲ ಅದನ್ನು ಹಬ್ಬದಂತೆ ಬಳಸಿದೆವು. ಚಾಚಾರ ಹಳೆಯ ಪಟ್ಟಿಯಲ್ಲಿ ಆ ಹಬ್ಬದ ಪಳೆಯುಳಿಕೆ ಇತ್ತು: ಆ ಫಾಂಟು ಈಗಿನ ಕಂಪ್ಯೂಟರಿನಲ್ಲಿ ಇಲ್ಲವಾದ್ದರಿಂದ ಪ್ರತಿ ದರದ ಮುಂದೆ ಸೊಳ್ಳೆ ಕೂತ ಹಾಗೆ ಒಂದೊಂದು ಓರೆ ಚುಕ್ಕೆ. ಅದೇ ವರ್ಷದ ಅಕ್ಟೋಬರಿನಲ್ಲಿ ಯುನಿಕೋಡಿನ ಆರನೆಯ ಆವೃತ್ತಿ ₹ ಗೆ ಅದರದೇ ಸ್ವಂತ ಸಂಖ್ಯೆ ಕೊಟ್ಟಿತು, 20ಬಿ9. ಕೀಲಿಮಣೆಯ ವಿನ್ಯಾಸವನ್ನು ಇಂಗ್ಲಿಷ್-ಇಂಡಿಯಾ ಮಾಡಿಕೊಂಡರೆ ಬಲಗಡೆಯ ಆಲ್ಟ್ ಮತ್ತು 4 ಒತ್ತಿದರೆ ಸಾಕು. ಚುಕ್ಕೆಗಳನ್ನು ಹುಡುಕಿ-ಬದಲಿಸು ಆಜ್ಞೆಯಿಂದ ಒಟ್ಟಿಗೆ ₹ ಮಾಡಿದೆ.

ಪರದೆಯ ಅಂಚಿಗೆ ಅಂಟಿಸಿದ ಚೀಟಿ ಹೀಗಿದೆ:

ರೂಪಾಯಿ ₹ 20ಬಿ9
ಯೂರೊ € 20ಎಸಿ
ಪೌಂಡ್ £ 00ಎ3
ಯೆನ್ ¥ 00ಎ5 (ಚೀನಾದ ಯುವಾನಿಗೂ ಇದೇ, ಹುಷಾರು)

ಸಂಜೆಗೆ ಹುಡುಗ ತನ್ನ ಜಾಣತನ ತೋರಿಸಿದ. ಆಟೋಕರೆಕ್ಟ್ ಪಟ್ಟಿಯಲ್ಲಿ ಗಿಡ್ಡ ಪದಗಳನ್ನು ಸೇರಿಸಿದರೆ ಸಂಕೇತ ನೆನಪಿಡುವ ಕಾಟವೇ ಇಲ್ಲ ಎಂದು 'ಯೂ' ಎಂದರೆ €, 'ಪೌಂ' ಎಂದರೆ £, 'ಡಾ' ಎಂದರೆ $ ಎಂದು ತುಂಬಿಸಿದ್ದ. ಉಪಾಯ ಒಳ್ಳೆಯದೇ. ಒಂದು ಗಂಟೆಯ ನಂತರ ವೈದ್ಯರೊಬ್ಬರ ಚೀಟಿಪುಸ್ತಕದ ಕರಡು ಪ್ರಿಂಟರಿನಿಂದ ಹೊರಬಂತು. ಅವರ ಹೆಸರಿನ ಮುಂದೆ 'ಡಾ.' ಇರಬೇಕಾದ ಕಡೆ ದಪ್ಪ ಅಕ್ಷರದಲ್ಲಿ '$.' ಎಂದಿತ್ತು. ವೈದ್ಯರು ನೋಡುವ ಮೊದಲು ನಾನು ನೋಡಿದ್ದು ನಮ್ಮ ಪುಣ್ಯ. ಈಗ ಗಿಡ್ಡ ಪದಗಳ ಮುಂದೆ ಎರಡು ಅರ್ಧವಿರಾಮ ಇಟ್ಟಿದ್ದೇವೆ. ಯಾವ ಕನ್ನಡ ಪದವೂ ಹಾಗೆ ಶುರುವಾಗುವುದಿಲ್ಲ.

ಗುರುವಾರ

ಕೊಲ್ಲಿಯ ರೊಕ್ಕ ಉಳಿದಿತ್ತು. ಚಾಚಾ ಮೊಬೈಲಿನಲ್ಲಿ ಅಳಿಯ ಕಳಿಸಿದ ಚಿತ್ರ ತೋರಿಸಿದರು. ಇಂಗ್ಲಿಷಿನ ದೊಡ್ಡ 'ಡಿ', ಅದರ ಹೊಟ್ಟೆಗೆ ಅಡ್ಡಲಾಗಿ ಎರಡು ಗೆರೆ. ಎಮಿರೇಟ್ಸ್‌ನ ಕೇಂದ್ರ ಬ್ಯಾಂಕು 2025ರ ಮಾರ್ಚಿನಲ್ಲಿ ಹೊರಗಿಟ್ಟ ದಿರ್ಹಾಮಿನ ಹೊಸ ಚಿಹ್ನೆ. ಸೌದಿಯದು ಅದಕ್ಕೂ ಒಂದು ತಿಂಗಳು ಮೊದಲು, ಫೆಬ್ರುವರಿಯಲ್ಲಿ ಬಂದದ್ದು. "ಹೊಸದನ್ನೇ ಹಾಕು ಬೇಟಿ, ದುಬೈಯವರಿಗೆ ಖುಷಿಯಾಗುತ್ತದೆ."

ಹುಡುಗ ಚಿತ್ರವನ್ನು ಕತ್ತರಿಸಿ ಅಂಕಿಯ ಮುಂದೆ ಅಂಟಿಸಿದ. ಸಾಲುಗಳೆಲ್ಲ ಒಂದೊಂದು ಬೆರಳು ಕೆಳಗೆ ಸರಿದವು, ಅಕ್ಷರದ ಗಾತ್ರ ಬದಲಿಸಿದರೆ ಚಿತ್ರ ಬದಲಾಗುವುದಿಲ್ಲ, ಪ್ರಿಂಟಿನಲ್ಲಿ ಮಂಜು ಹಿಡಿದಂತೆ ಬಂತು. ತೆಗೆಸಿದೆ.

ರಿಯಾಲಿನ ಹೊಸ ಚಿಹ್ನೆಗೆ ಸಂಖ್ಯೆಯೇನೋ ಸಿಕ್ಕಿದೆ: 2025ರ ಸೆಪ್ಟೆಂಬರಿನ ಯುನಿಕೋಡ್ 17ರಲ್ಲಿ ಅದು 20ಸಿ1. ಟೈಪು ಮಾಡಿ ಆಲ್ಟ್-ಎಕ್ಸ್ ಒತ್ತಿದೆ. ಖಾಲಿ ಚೌಕ ಬಂತು. ಸಂಖ್ಯೆ ಇದೆ, ನನ್ನ ಕಂಪ್ಯೂಟರಿನ ಯಾವ ಫಾಂಟಿನಲ್ಲೂ ಅದರ ರೂಪವಿಲ್ಲ. ಚಾಚಾರಿಗೆ ಇದನ್ನು ಹೇಗೆ ವಿವರಿಸುವುದು ಎಂದು ಯೋಚಿಸುತ್ತಿರುವಾಗಲೇ ಅವರು ಬಗ್ಗಿ ನೋಡಿ, "ಕಲಂ ಹಾಕಿ ಕೆತ್ತಿದ್ದಾರೆ, ಬೆಳ್ಳಿ ಕೂರಿಸಿಲ್ಲ" ಎಂದರು.

ನನ್ನ ವಿವರಣೆಗಿಂತ ಇದೇ ಮೇಲು. ಅವರ ಕೆಲಸ ನೋಡಿದವರಿಗೆ ಅರ್ಥವಾದೀತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂದಾನಿಗೆ ಮೊದಲು ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಕೆತ್ತುವ ಗೆರೆ ಕಣ್ಣಿಗೆ ಕಾಣಲೆಂದು. ಕಲಂ ಎಂಬ ಉಳಿಯಿಂದ ಗೆರೆ ಕೆತ್ತಿದ ಮೇಲೆ ಬೆಳ್ಳಿಯ ತಂತಿಯನ್ನು ಆ ಕಾಲುವೆಯಲ್ಲಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸುತ್ತಾರೆ. ಉಜ್ಜಿದಾಗ ಎಲ್ಲ ಒಂದೇ ಬಿಳುಪು. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಮೆತ್ತಿದರೆ ಸತುವಿನ ಭಾಗ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ತಂತಿ ಕೂರಿಸದೆ ಮಣ್ಣು ಮೆತ್ತಿದರೆ ಕಾಣುವುದು ಕಪ್ಪು ಕಾಲುವೆ ಮಾತ್ರ.

ಈ ನಡುವೆ ಹುಡುಗ ಚಿಹ್ನೆಗಳ ಪೆಟ್ಟಿಗೆಯಲ್ಲಿ ರಿಯಾಲ್ ಎಂಬ ಹೆಸರಿನ ಇನ್ನೊಂದನ್ನು ಪತ್ತೆ ಹಚ್ಚಿದ. ಹಾಕಿ, 150 ಎಂದು ಟೈಪು ಮಾಡಿದ. ಅಂಕಿ ಬಲಗಡೆ ಬರುವ ಬದಲು ಜಿಗಿದು ಎಡಗಡೆ ನಿಂತಿತು. ಅಳಿಸಿ ಮತ್ತೆ ಮಾಡಿದರೂ ಅಷ್ಟೆ. ಪೌಂಡು, ಯೂರೊ ಯಾವುದನ್ನೂ ಗುರುತಿಸದ ಚಾಚಾ ಇದನ್ನು ಮಾತ್ರ ಕನ್ನಡಕ ಹಾಕದೆಯೇ ಓದಿದರು. "ಇದು ಚಿಹ್ನೆ ಅಲ್ಲ, ಹುಡುಗಾ. 'ರಿಯಾಲ್' ಎಂದು ಬರೆದಿದೆ. ರೇ, ಯೇ, ಅಲಿಫ್, ಲಾಮ್." ಸರಿ, ಅರಬ್ಬಿ ಲಿಪಿಯ ಇಡೀ ಪದವನ್ನೇ ಒಂದು ಗುರುತಾಗಿ ಕಟ್ಟಿದ್ದಾರೆ. ಬಲದಿಂದ ಎಡಕ್ಕೆ ಓದುವ ಲಿಪಿ ಬಂದ ಕೂಡಲೇ ಪಕ್ಕದ ಅಂಕಿಯನ್ನೂ ತನ್ನ ದಿಕ್ಕಿಗೆ ಎಳೆದುಕೊಂಡಿತು. "ಇದು ಯಾವ ದೇಶದ ರಿಯಾಲ್? ಇರಾನಿನದೋ, ಸೌದಿಯದೋ?" ಎಂದು ಅವರೇ ಕೇಳಿದ ಮೇಲೆ ಅದನ್ನೂ ತೆಗೆದೆವು.

ಕೊನೆಗೆ ಬ್ಯಾಂಕಿನವರ ದಾರಿ ಹಿಡಿದೆ. ಐಎಸ್‌ಒ 4217 ಎಂಬ ಮಾನಕದಲ್ಲಿ ಪ್ರತಿ ನಾಣ್ಯಕ್ಕೂ ಮೂರು ಇಂಗ್ಲಿಷ್ ಅಕ್ಷರಗಳಿವೆ. ಸಾಮಾನ್ಯವಾಗಿ ಮೊದಲೆರಡು ದೇಶದ್ದು, ಮೂರನೆಯದು ನಾಣ್ಯದ್ದು. ದಿರ್ಹಾಮಿಗೆ ಎಇಡಿ, ಸೌದಿ ರಿಯಾಲಿಗೆ ಎಸ್‌ಎಆರ್. ನುಡಿಯಂಥ ಹಳೆಯ ಫಾಂಟು ಬಿಟ್ಟರೆ ಯಾವ ಫಾಂಟಿನಲ್ಲೂ, ಯಾವ ಫೋನಿನಲ್ಲೂ ಇವು ಕೆಡುವುದಿಲ್ಲ. ಡಾಲರಿಗೂ ಕಾಲಮಿನ ತಲೆಯ ಮೇಲೆ ಯುಎಸ್‌ಡಿ ಎಂದು ಹಾಕಿದೆ. ಸಿಂಗಾಪುರದವರೂ, ಆಸ್ಟ್ರೇಲಿಯಾದವರೂ $ ಅನ್ನೇ ಬರೆಯುತ್ತಾರೆ, ನಾಳೆ ಯಾರೋ ತಮ್ಮ ಅಗ್ಗದ ಡಾಲರಿನಲ್ಲಿ ರೊಕ್ಕ ಕಳಿಸಿದರೆ ಚಾಚಾ ಮತ್ತೆ ನನ್ನ ಮೆಟ್ಟಿಲನ್ನೇ ಹತ್ತುತ್ತಾರೆ. ದುಬೈಯವರ ಖುಷಿ ಸದ್ಯಕ್ಕೆ ಬಾಕಿ. ಚಾಚಾ ಒಲ್ಲದ ಮನಸ್ಸಿನಿಂದ ಒಪ್ಪಿದರು.

ಶುಕ್ರವಾರ

ಚಾಚಾ ಬರಲಿಲ್ಲ. ಮದುವೆ ಕಾರ್ಡುಗಳ ಗಲಾಟೆ. ಮೂರು ತಾಸು ಕರೆಂಟು ಇರಲಿಲ್ಲ.

ಶನಿವಾರ

ಉಳಿದದ್ದು ಚಿಲ್ಲರೆ ಕೆಲಸ, ಆದರೆ ಕಣ್ಣಿಗೆ ಬೀಳುವುದು ಇದೇ. ದೊಡ್ಡದು ಮಾಡಿ ನೋಡಿದರೆ € ಒಂದು ಫಾಂಟಿನಿಂದ, ₹ ಇನ್ನೊಂದರಿಂದ ಬಂದಿತ್ತು. ಆರಿಸಿದ ಫಾಂಟಿನಲ್ಲಿ ಚಿಹ್ನೆ ಇಲ್ಲದಿದ್ದರೆ ವರ್ಡ್ ನಮ್ಮನ್ನು ಕೇಳದೆ ನೆರೆಮನೆಯಿಂದ ಸಾಲ ತರುತ್ತದೆ. ಒಂದು ದಪ್ಪ, ಒಂದು ತೆಳ್ಳಗೆ. ದರದ ಕಾಲಮುಗಳಿಗೆಲ್ಲ ಈ ಐದೂ ಚಿಹ್ನೆ ಇರುವ ಒಂದೇ ಫಾಂಟು ಕೊಟ್ಟು, ಅದನ್ನು ಒಂದು ಶೈಲಿಯಾಗಿ ಉಳಿಸಿದೆ.

ಎಇಡಿ ಒಂದು ಸಾಲಿನ ಕೊನೆಗೆ, ಅದರ ಅಂಕಿ ಮುಂದಿನ ಸಾಲಿಗೆ ಬೀಳುತ್ತಿತ್ತು. ನಡುವಿನ ಸ್ಪೇಸನ್ನು ಕಂಟ್ರೋಲ್, ಶಿಫ್ಟ್ ಹಿಡಿದು ಒತ್ತಿದರೆ ಅದು ಮುರಿಯದ ಸ್ಪೇಸು. ಎರಡೂ ಕೈ ಹಿಡಿದುಕೊಂಡೇ ಇರುತ್ತವೆ. ಅಲ್ಪವಿರಾಮದ ವಿಷಯದಲ್ಲಿ ಸ್ವಲ್ಪ ವಾದವಾಯಿತು. ರೂಪಾಯಿ ಕಾಲಮಿನಲ್ಲಿ 1,25,000, ಯೆನ್ನಿನಲ್ಲಿ 125,000. ಎರಡು ಪದ್ಧತಿ ಒಂದೇ ಹಾಳೆಯಲ್ಲಿ ಬೇಡ ಎಂದು ಹುಡುಗ. ಓದುವವರು ಯಾರೋ ಅವರ ಪದ್ಧತಿಯಲ್ಲಿ ಇರಲಿ ಎಂದು ನಾನು. ಅಂಗಡಿ ನನ್ನದು. ಪೈಸೆ, ಸೆಂಟುಗಳನ್ನು ಪೂರ್ತಿ ಬಿಟ್ಟೆವು. ಯೆನ್ನಿಗೆ ಹೇಗೂ ಚಿಲ್ಲರೆ ಇಲ್ಲ. ಯುರೋಪಿನಲ್ಲಿ ಹಲವರು ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, ಚುಕ್ಕೆಯನ್ನು ಸಾವಿರಕ್ಕೆ ಬಳಸುತ್ತಾರೆ. ಆ ಗೊಂದಲಕ್ಕೆ ಬಾಗಿಲೇ ತೆರೆಯುವುದು ಬೇಡ.

ವರ್ಡ್ ಫೈಲನ್ನು ಯಾರಿಗೂ ಕಳಿಸಬಾರದು, ಪಿಡಿಎಫ್ ಮಾತ್ರ ಎಂದು ಚಾಚಾರಿಂದ ಮಾತು ತೆಗೆದುಕೊಂಡೆ. ಪಿಡಿಎಫ್ ಮಾಡುವಾಗ ಫಾಂಟು ಒಳಗೇ ಸೇರಿಕೊಂಡು ಹೋಗುತ್ತದೆ. ಅದರ ಗುಣವಿವರಗಳ ಪೆಟ್ಟಿಗೆ ತೆರೆದು ಫಾಂಟುಗಳ ಪಟ್ಟಿ ನೋಡಿದೆ. ನುಡಿಯ ಹೆಸರು ಎಲ್ಲೂ ಇರಲಿಲ್ಲ. ನನ್ನ ಫೋನಿನಲ್ಲಿ, ಹುಡುಗನ ಫೋನಿನಲ್ಲಿ, ಎದುರಿನ ಔಷಧಿ ಅಂಗಡಿಯ ಅಣ್ಣನ ಹಳೆಯ ಫೋನಿನಲ್ಲಿ ತೆರೆದು ನೋಡಿದೆವು. ಪಾನದಾನಿ ಮೂರರಲ್ಲೂ ಪಾನದಾನಿಯೇ.

ಚಾಚಾ ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತು ಶಾರ್ಜಾಕ್ಕೆ ಕಳಿಸಿದರು. ಹತ್ತು ನಿಮಿಷದಲ್ಲಿ ಅಳಿಯನ ಧ್ವನಿ ಸಂದೇಶ ಬಂತು. ಎಲ್ಲ ಚೆನ್ನಾಗಿ ಓದಲು ಬರುತ್ತಿದೆ, ಆದರೆ ದೊಡ್ಡ ಸುರಾಹಿಗೆ £ 110 ಎಂದಿದೆ, € 95 ಎಂದಿದೆ. ಪೌಂಡು ಯೂರೊಗಿಂತ ಭಾರವಲ್ಲವೇ ಮಾಮೂ, ಯೂರೊದ ಅಂಕಿ ದೊಡ್ಡದಿರಬೇಕಲ್ಲವೇ?

ನಾನು ಹುಡುಗನ ಕಡೆ ನೋಡಿದೆ. ಹುಡುಗ ಡ್ರಾಯರಿನಿಂದ ಚಾಚಾ ಕೊಟ್ಟಿದ್ದ ಪೆನ್ಸಿಲಿನ ಚೀಟಿ ತೆಗೆದು ಮೇಜಿನ ಮೇಲಿಟ್ಟ. ಚೀಟಿಯಲ್ಲಿ ಆ ಎರಡು ಅಂಕಿಗಳು ಹಾಗೆಯೇ ಅದಲುಬದಲಾಗಿದ್ದವು. ಚಾಚಾ ಕನ್ನಡಕ ಹಾಕಿಕೊಂಡು ತಮ್ಮದೇ ಕೈಬರಹವನ್ನು ಎರಡು ಸಲ ಓದಿದರು. ಹಿಂದಿನ ವರ್ಷದ ಪಟ್ಟಿಯಲ್ಲೂ ಹೀಗೆಯೇ ಇತ್ತಂತೆ. ಆಗ ಎರಡೂ ಕಾಲಮುಗಳ ಚಿಹ್ನೆ ಯಾರಿಗೂ ಓದಲು ಬಾರದ್ದರಿಂದ ಯಾರೂ ಕೇಳಿರಲಿಲ್ಲ.

ಎರಡು ಕೋಣೆಗಳ ಅಂಕಿ ಬದಲಿಸಿ, ಪಿಡಿಎಫ್ ಮತ್ತೊಮ್ಮೆ ಮಾಡಿ ಕಳಿಸಿದೆ.